ತಾತನ ರೀಲಿಗೆ ಒಂದು ಪೆಟ್ಟು ಹೆಚ್ಚು

ಕುರ್ಚಿಯ ಅಂಚಿನಲ್ಲಿ ಕೂತು ಪಿಟೀಲು ನುಡಿಸುವಾಗ ತಾತನ ಎರಡೂ ಪಾದಗಳು ಕುಣಿಯುತ್ತಿದ್ದವು. ಹಿಮ್ಮಡಿ, ಮುಂಗಾಲು, ಮತ್ತೆ ಹಿಮ್ಮಡಿ. ಕೆಳಗೆ ಹಾಕಿಕೊಂಡ ಹಲಗೆಯ ಮೇಲೆ ಹಳೆಯ ಬೂಟು ಟಕಟಕ ಅನ್ನುತ್ತಿತ್ತು, ಸೊಂಟದಿಂದ ಮೇಲೆ ಮಾತ್ರ ಮನುಷ್ಯ ಅಲುಗುತ್ತಿರಲಿಲ್ಲ. ಮೈಸೂರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಒಂದಿಷ್ಟು ವರ್ಷ ಪಿಟೀಲು ಕಲಿತು ಬಿಟ್ಟವಳು ನಾನು. ಕಾಲಲ್ಲೇ ಮೃದಂಗ ಬಾರಿಸುವ ಈ ವಿದ್ಯೆ ಕಂಡು ಮೊದಲ ದಿನ ನಕ್ಕುಬಿಟ್ಟಿದ್ದೆ.

ನಾವು ಬಂದು ನೆಲೆಸಿದ ಎಟೋಬಿಕೋದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಕ್ವಿಬೆಕ್‌ನ ಹಳ್ಳಿಯಿಂದ ಬಂದು ಇಲ್ಲಿನ ಕಾರ್ಖಾನೆಯಲ್ಲಿ ದುಡಿದು ಮುದುಕರಾದವರು. ನಾವು ತಾತ ಅಂದೆವು, ಅವರು ಓಗೊಟ್ಟರು. ಇಂಗ್ಲಿಷು ಫ್ರೆಂಚ್ ಮನೆಮಾತಿನ ಅವರಿಗೂ ಎರವಲು, ನನಗೂ ಎರವಲು. ಅದಕ್ಕೇ ಇರಬೇಕು, ಮಾತು ಬೇಗ ಹೊಂದಿಕೊಂಡಿತು.

ಅವರು ಹೆಚ್ಚಾಗಿ ನುಡಿಸುತ್ತಿದ್ದದ್ದು ಒಂದೇ ರೀಲು, ಅಂದರೆ ಅವರ ಕಡೆಯ ಕುಣಿತದ ಮಟ್ಟು. ಊರಿನ ಮದುವೆಗಳಲ್ಲಿ ಜನ ಕುಣಿಯಲೆಂದು ಅವರ ಅಪ್ಪ ನುಡಿಸುತ್ತಿದ್ದದ್ದು. ಒಮ್ಮೆ ಅಭ್ಯಾಸಬಲದಿಂದ ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಎರಡನೆಯ ಭಾಗದ ಕೊನೆಯಲ್ಲಿ ತಪ್ಪಿತು.

"ತಾತ, ಇಲ್ಲಿ ಒಂದು ಪೆಟ್ಟು ಜಾಸ್ತಿ ಆಯ್ತು."

ಕಮಾನು ನಿಂತಿತು. ಬೈಯುತ್ತಾರೆ ಅಂದುಕೊಂಡೆ. ನೋಡಿದರೆ ಕಣ್ಣು ತುಂಬಿಕೊಂಡಿದ್ದರು. "ನಿನಗೆ ಕೇಳಿಸ್ತಾ?" ಅಂದರು.

ಆ ಒಂದು ಪೆಟ್ಟೇ ಅವರ ಸಂಕಟ. ಅವರೂರಿನವರು ಅಲ್ಲಿ ಒಂದು ಹೆಜ್ಜೆ ಹೆಚ್ಚಿಗೆ ಹಾಕಿ ಕುಣಿಯುತ್ತಿದ್ದರಂತೆ. ಅಪ್ಪ ಮಾಂಟ್ರಿಯಾಲಿಗೆ ಹೋಗಿ ರೆಕಾರ್ಡ್ ಮಾಡಿಸಿದಾಗ ಜೊತೆಗೆ ಕೂತ ಪಿಯಾನೋದವನಿಗೆ ಅದು ಹೊಂದಲಿಲ್ಲ. ಲೆಕ್ಕ ತಪ್ಪುತ್ತಿದೆ, ತೆಗೆ ಅಂದರು ರೆಕಾರ್ಡಿಂಗಿನವರು. ಬಡಪಾಯಿ ಅಪ್ಪ ತೆಗೆದ. ಆ ಪ್ಲೇಟಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸೀಡಿಗೆ, ಈಗ ಎಲ್ಲರ ಫೋನಿಗೆ ಬಂದಿರುವುದೂ ಆ ಕುಂಟು ರೀಲೇ. "ಅದರ ಮೇಲೆ ಅಪ್ಪನ ಹೆಸರಿದೆ, ಒಳಗೆ ಅಪ್ಪ ಇಲ್ಲ" ಅನ್ನುತ್ತಿದ್ದರು ತಾತ. ಸಾಯುವ ಮೊದಲು ಒಮ್ಮೆ ಸರಿಯಾಗಿ ರೆಕಾರ್ಡ್ ಆಗಬೇಕು, ಅಷ್ಟೇ ಅವರ ಆಸೆ. ಇವತ್ತಲ್ಲ ನಾಳೆ ಅನ್ನುತ್ತಿದ್ದಂತೆ ಕೈನಡುಕ ಶುರುವಾಗಿತ್ತು.

ನಮ್ಮ ಬೇಸ್‌ಮೆಂಟಿನಲ್ಲಿ ನನ್ನ ಗಂಡ ಮೈಕು ಹೂಡಿದರು. ಚಳಿಗಾಲವಿಡೀ ಅದೇ ಆಯಿತು. ಮೊದಲ ಭಾಗ ಚೆನ್ನಾಗಿ ಬರುತ್ತಿತ್ತು. ಎರಡನೆಯದರಲ್ಲಿ ಬೆರಳು ಸೆಟೆದುಕೊಳ್ಳುತ್ತಿತ್ತು. ಇಲ್ಲವೇ, ಅದಕ್ಕಿಂತ ಕೆಟ್ಟದ್ದು, ಜೀವಮಾನವೆಲ್ಲ ಕೇಳಿದ ಆ ರೆಕಾರ್ಡಿನ ದಾರಿಗೇ ಕೈ ಜಾರುತ್ತಿತ್ತು. ಆಗ ತಮ್ಮ ಮಣಿಕಟ್ಟಿಗೆ ತಾವೇ ಹೊಡೆದುಕೊಳ್ಳುತ್ತಿದ್ದರು. ಕಾಫಿ ನೆಪದಲ್ಲಿ ನಾನು ಮೇಲೆ ಹೋಗಿ, ದೇವರೇ ಒಂದೇ ಒಂದು ಸಲ ಅಂತ ಒಲೆಯ ಮುಂದೆ ನಿಂತು ಬೇಡಿಕೊಂಡಿದ್ದೇನೆ.

ನನ್ನ ಗಂಡನಿಗೆ ನೋಡಲಾಗಲಿಲ್ಲ. "ಪಾಪ ಕಣೇ, ಸುಮ್ನೆ ಯಾಕೆ ಒದ್ದಾಡ್ತಾರೆ? ಫಸ್ಟ್ ಪಾರ್ಟಿಂದ ಒಂದು ಬೀಟ್ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ, ಹೇಳು ಅವ್ರಿಗೆ" ಅಂದರು. ಸಾಫ್ಟ್‌ವೇರಿನವರ ಕರುಣೆ! ಹೇಳಿದೆ.

ತಾತ ಎದ್ದು ನಿಂತರು. "ಅವರು ಕತ್ತರಿಸಿದರು. ನೀವು ತೇಪೆ ಹಾಕ್ತೀರಾ?" ಕೋಟನ್ನೂ ಹಾಕಿಕೊಳ್ಳದೆ ಹಿಮದಲ್ಲಿ ನಡೆದು ಮನೆಗೆ ಹೋದರು. ಮರುದಿನ ತಾವೇ ಬಂದು ಮತ್ತೆ ಪಿಟೀಲು ಎತ್ತಿಕೊಂಡರು. ಆ ಪೆಟ್ಟು ಬರಲಿಲ್ಲ.

ಆಮೇಲೆ ಲಕ್ವ ಹೊಡೆಯಿತು. ನರ್ಸಿಂಗ್ ಹೋಮಿನಲ್ಲಿ ಕಂಬಳಿಯ ಕೆಳಗೆ ಒಂದು ಪಾದ ಮಾತ್ರ ಅದೇ ರೀಲಿನ ಲಯಕ್ಕೆ ಆಡುತ್ತಿತ್ತು. ಅದಕ್ಕೆ ನಾನು ತಾಳ ಹಾಕುತ್ತಿದ್ದೆ. ಒಂದು ದಿನ ಆ ಹೆಚ್ಚಿನ ಪೆಟ್ಟಿನ ಜಾಗ ಬಂದಾಗ ಪಾದ ನಿಂತಿತು. ಹೆದರಿದ ಮಗುವಿನಂತೆ ನನ್ನನ್ನು ನೋಡಿ ತೊದಲಿದರು: "ಇಲ್ಲೇ ಅಲ್ವಾ? ಅಥವಾ ಪಿಯಾನೋದವನೇ ಸರಿಯೇನೋ?"

"ನೀವೇ ಸರಿ ತಾತ, ಇಲ್ಲೇ" ಅಂತ ಅವರ ಅಂಗೈ ಮೇಲೆ ಆ ಪೆಟ್ಟು ಹಾಕಿ ತೋರಿಸಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅದೇ ವಾರ ಹೋದರು.

ಮಣ್ಣು ಮಾಡಿದ ಮೇಲೆ ಚರ್ಚಿನ ಹಾಲಿನಲ್ಲಿ ಅವರ ಕಡೆಯ ವಾದ್ಯದವರು ಆ ರೀಲು ನುಡಿಸಿದರು. ಪ್ರೀತಿಯಿಂದಲೇ ನುಡಿಸಿದರು, ಆದರೆ ರೆಕಾರ್ಡಿನಲ್ಲಿದ್ದ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎರಡನೆಯ ಭಾಗದ ಕೊನೆಯಲ್ಲಿ ನಾನು ಒಂದು ಹೆಚ್ಚಿಗೆ ತಟ್ಟಿದೆ, ಜೋರಾಗಿ. ಅಲ್ಲಿಂದ ನನ್ನ ತಾಳ ಯಾರ ಜೊತೆಗೂ ಸೇರಲಿಲ್ಲ. ಮುಂದಿನ ಸಾಲಿನ ಹೆಂಗಸು ತಿರುಗಿ, ಪಾಪ ಇವಳಿಗೆ ನಮ್ಮ ಸಂಗೀತ ತಿಳಿಯದು ಅನ್ನುವಂತೆ ನಕ್ಕಳು. ನಾನು ನಿಲ್ಲಿಸಲಿಲ್ಲ.