ಲೈಸೆನ್ಸಿನ ಮೊದಲ ಸಾಲು

ಸರ್ ಕನ್ನಡಕವನ್ನು ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಾಗಿ ಓದುತ್ತಿದ್ದರು. ಕ್ಲಾಸ್ ಮುಗಿಯುವ ಹೊತ್ತಿಗೆ ಗಾಜಿನ ಮೇಲೆ ಮೂಗಿನ ತುದಿಯ ಗುರುತು ಮೂಡಿರುತ್ತಿತ್ತು. ಉಡುಪಿ ಕಡೆಯವರು. ಮುಂಬಯಿಯ ಫೋರ್ಟಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾದ ಮೇಲೆ ಭಾಂಡುಪ್‌ನಲ್ಲಿ, ನಮ್ಮ ಚಾಳಿನ ಪಕ್ಕದ ಕೋಣೆಯಲ್ಲಿ, ಭಾನುವಾರ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. "ಇದು ಎಂತಕ್ಕೆ ಹೀಗಾಯ್ತು, ನೀನೇ ಹೇಳು" ಎಂದು ಕುರ್ಚಿ ಎಳೆದು ಕೂರುತ್ತಿದ್ದರು.

ನಮಗಾಗಿ ಅವರೊಂದು ಕೋಡ್ ಎಡಿಟರ್ ಬರೆದಿದ್ದರು: ಯಾವ ವೆಬ್‌ಪುಟದಲ್ಲಾದರೂ ಕೂರಿಸಬಹುದಾದ, ಕೋಡ್ ಟೈಪಿಸುವ ಚೌಕ. ಅದರಲ್ಲಿ ಕನ್ನಡ ಬರೆದರೆ ಕರ್ಸರ್ ಒತ್ತಕ್ಷರದ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದ ನಾನು ಎರಡು ತಿಂಗಳು ಒದ್ದಾಡಿ ಸರಿಪಡಿಸಿದೆ. ನಲವತ್ತು ಸಾಲು, ಅಷ್ಟೇ. ಮರಾಠಿಯಲ್ಲಿ ಮಾತ್ರ ಆ ದೋಷ ಹಾಗೇ ಉಳಿದಿತ್ತು.

ಪವಾಯಿಯ ಒಂದು ಕಂಪನಿಗೆ ಆ ಎಡಿಟರ್ ಹಿಡಿಸಿತು. ಯಾರು ಬೇಕಾದರೂ ಬಳಸಿ ತಿದ್ದಬಹುದು ಎಂಬ ಓಪನ್ ಸೋರ್ಸ್ ಲೈಸೆನ್ಸ್ ಹಾಕಿ ಬಿಡುಗಡೆ ಮಾಡಿದರೆ ತಮ್ಮ ಪಾಠದ ಆ್ಯಪ್‌ನಲ್ಲಿ ಬಳಸುತ್ತೇವೆ ಎಂದರು. ಆದರೆ ಲೈಸೆನ್ಸ್ ಎಲ್ಲಕ್ಕಿಂತ ಸಡಿಲವಾದದ್ದಿರಬೇಕು. ತಾವು ಮಾಡಿದ ತಿದ್ದುಪಡಿಯನ್ನು ತಮ್ಮಲ್ಲೇ ಮುಚ್ಚಿಟ್ಟುಕೊಳ್ಳಲು ಬರುವಂಥದ್ದು. ಸರ್‌ಗೂ ಅದೇ ಸರಿ ಅನಿಸಿತ್ತು. ಆದರೂ ಉತ್ತರ ಕೊಡುವ ಮೊದಲು ನಮ್ಮ ಮನೆಗೆ ಬಂದರು.

"ಅದರಲ್ಲಿ ನಿನ್ನ ನಲವತ್ತು ಸಾಲು ಉಂಟಲ್ಲ. ನೀನು ಹೂಂ ಅನ್ನದೆ ನಾನು ಹೇಗೆ ಕೊಡುವುದು?"

ಚಹಾ ಸೋಸುತ್ತಿದ್ದ ಅವ್ವ ತಿರುಗಿದಳು. "ಇಕಿನ್ನ ಏನ್ ಕೇಳ್ತೀರಿ ಸರ? ನೀವ್ ಹೇಳಿದಂಗ ಆಗ್ಲಿ."

"ಬರೆದವಳು ಇವಳಲ್ವಾ ಅಮ್ಮ" ಅಂದರು ಸರ್.

ನಾನು ಕೇಳಿಯೇಬಿಟ್ಟೆ. "ಸರ್, ಅವ್ರು ಮರಾಠಿಗೆ ಸರಿಮಾಡಿ ಒಳಗ ಇಟ್ಕೊಂಡ್ರ ನಮ್ಮ ಕ್ಲಾಸಿಗೆ ಸಿಗೂದಿಲ್ಲಲ್ರಿ. ವಾಪಸ್ ಕೊಡಬೇಕು ಅನ್ನೋ ಲೈಸೆನ್ಸ್ ಇಲ್ಲೇನ್ರಿ?"

ಇತ್ತು. ಎಡಿಟರನ್ನು ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಅವರ ಆ್ಯಪ್ ಅವರದೇ. ಎಡಿಟರ್‌ನ ಫೈಲುಗಳನ್ನು ತಿದ್ದಿ ಹಂಚಿದರೆ ಮಾತ್ರ ತಿದ್ದಿದ್ದನ್ನು ಎಲ್ಲರಿಗೂ ತೆರೆದಿಡಬೇಕು. ಸರ್ ಅದನ್ನು ನನ್ನಿಂದ ಪೂರ್ತಿ ಗಟ್ಟಿಯಾಗಿ ಓದಿಸಿದರು. ಮುಗಿದಾಗ, "ನಾನು ಯೋಚಿಸಿದ್ದು ತಪ್ಪು. ನಿನ್ನದೇ ಸರಿ" ಅಂದರು.

ಪವಾಯಿಗೆ ನನ್ನನ್ನೂ ಕರೆದೊಯ್ದರು. "ಅಂಕಲ್, ಇತನಾ ಸ್ಟ್ರಿಕ್ಟ್ ಕ್ಯೋಂ?" ಇಷ್ಟು ಬಿಗಿ ಯಾಕೆ ಎಂದು ಮ್ಯಾನೇಜರ್ ಕೇಳಿದಾಗ ನನ್ನತ್ತ ಕೈ ತೋರಿಸಿದರು. "ಇನ್‌ಸೆ ಪೂಛಿಯೆ. ಇನ್ಹೋಂನೆ ಭೀ ಲಿಖಾ ಹೈ." ಇವರನ್ನೇ ಕೇಳಿ, ಇವರೂ ಬರೆದಿದ್ದಾರೆ ಅಂದರು. ಮನೆಯಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳಿ ಮುಗಿಸಿದೆ.

ಕಂಪನಿ ತಿಂಗಳುಗಟ್ಟಲೆ ಸುಮ್ಮನಾಯಿತು. ಕೆಡಿಸಿದವಳು ನಾನೇ ಎಂದು ಕೊರಗಿದೆ. ಸರ್ ಒಮ್ಮೆಯೂ ಆ ಮಾತೆತ್ತಲಿಲ್ಲ. ಮಳೆಗಾಲ ಮುಗಿಯುವಾಗ ಕಂಪನಿಯವರು ಒಪ್ಪಿದರು. ಮರುವರ್ಷ ಅವರ ಇಂಜಿನಿಯರುಗಳೇ ಮರಾಠಿಯ ದೋಷ ಸರಿಪಡಿಸಿ ಕಳಿಸಿದರು. ಆ ಭಾನುವಾರ ಸರ್ ಪಾಠ ಮರೆತು, ಮರಾಠಿ ಪದಗಳ ಮೇಲೆ ಕರ್ಸರ್ ಓಡಿಸುತ್ತ ಕೂತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಕ್ಲಾಸನ್ನು ಈಗ ನಾನು ನಡೆಸುತ್ತೇನೆ. ಹೊಸಬರಿಗೆ ಮೊದಲು ಆ ಲೈಸೆನ್ಸ್ ಫೈಲನ್ನೇ ತೆರೆದು ತೋರಿಸುತ್ತೇನೆ. ಮೇಲಿನ ಸಾಲಿನಲ್ಲಿ ಹಕ್ಕುದಾರರ ಎರಡು ಹೆಸರುಗಳಿವೆ, ನನ್ನದು ಮೊದಲು. ಯಾಕೆ ಹೀಗೆ ಎಂದು ಆಗ ಕೇಳಿದ್ದಕ್ಕೆ ಸರ್, "ಅಕಾರಾದಿ ಮಾರಾಯ್ತಿ, ಬೇರೆ ಎಂತ ಇಲ್ಲ" ಅಂದಿದ್ದರು.

ಅಕಾರಾದಿಯಲ್ಲಿ ಮೊದಲು ಬರುವುದು ಅವರ ಹೆಸರು.