ನೀರಿಗಿಳಿಯದವನ ಪಾದಪೂಜೆ

ವಸು, ಅವತ್ತು ನಿನ್ನನ್ನು ಸಮುದ್ರದಿಂದ ಎತ್ತಿದ್ದು ನಾನಲ್ಲ. ನಾನು ನೀರಿಗೆ ಹಾರಲೇ ಇಲ್ಲ.

ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಈಗ ನೀನು ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದೀಯ — ಜುಲೈ ಅಂದರೆ ಈ ದೇಶದಲ್ಲಿ ನಡುಚಳಿಗಾಲ, ನಮ್ಮ ಕ್ರಾನ್‌ಬರ್ನಿನ ಈ ಚಳಿಯಲ್ಲಿ ನಲ್ಲಿ ನೀರು ಸುರಿದರೆ ನನ್ನ ಕಾಲು ಮರಗಟ್ಟೀತು ಅಂತ. ಭೀಮನ ಅಮಾವಾಸ್ಯೆ. ಮದುವೆಯಾದ ಹೊಸತರಲ್ಲಿ ನಿಮ್ಮಮ್ಮ ಮೈಸೂರಿನಿಂದ ಫೋನ್ ಮಾಡಿ ಈ ಹಬ್ಬ ನೆನಪಿಸಿದರೆ, "ಗಂಡನ ಕಾಲು ತೊಳೀಬೇಕಾ? ಅವನ ಸಾಕ್ಸ್ ಒಗೆದೇ ಸಾಕಾಗಿದೆ ಕಣಮ್ಮಾ" ಎಂದು ನಗುತ್ತಿದ್ದವಳು ನೀನು. ಟರ್ಕಿಯಿಂದ ಬಂದ ಮೇಲೆ ಒಂದು ವರ್ಷವೂ ತಪ್ಪಿಸಿಲ್ಲ.

ಟರ್ಕಿಗೆ ಹೋಗುವ ಹೊತ್ತಿಗೆ ನಮ್ಮಲ್ಲಿ ಮಾತು ನಿಂತುಹೋಗಿತ್ತು. ಜಗಳವಾದರೂ ಇದ್ದಿದ್ದರೆ... ಅದೂ ಇರಲಿಲ್ಲ. ಆಗ ನಾವಿದ್ದ ಡ್ಯಾಂಡಿನಾಂಗಿನ ಬಾಡಿಗೆ ಮನೆಯಲ್ಲಿ, ಪರಿಚಯವಿಲ್ಲದ ಇಬ್ಬರು ರೂಮ್‌ಮೇಟುಗಳ ಹಾಗೆ, ಒಬ್ಬರ ಶಿಫ್ಟ್ ಮುಗಿಯುವ ಹೊತ್ತಿಗೆ ಇನ್ನೊಬ್ಬರು ಹೊರಡುತ್ತಿದ್ದೆವು. ಟಿಕೆಟ್ ಮೊದಲೇ ಬುಕ್ ಆಗಿತ್ತು, ಕ್ಯಾನ್ಸಲ್ ಮಾಡೋಣ ಅನ್ನಲು ಇಬ್ಬರಿಗೂ ಸಂಕೋಚ. ಅದಕ್ಕೇ ಹೋದೆವು.

ಫೆಥಿಯೆ ಅನ್ನುವ ಊರಿನ ಬಂದರಿನಲ್ಲಿ ಬೆಳಿಗ್ಗೆ ದೋಣಿ ಹತ್ತಿದೆವು. ಅದು ಬಂದರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ನೀನು, ತಟ್ಟೆಯಲ್ಲಿದ್ದ ಆಲಿವ್ ಕಡೆಯೇ ನೋಡುತ್ತಾ ಹೇಳಿದೆ.

"ಸಿಡ್ನಿಯಿಂದ ಆಫರ್ ಬಂದಿದೆ, ಶ್ರೀ. ಅಲ್ಲೇ ಲಿವರ್‌ಪೂಲ್ ಅನ್ನೋ ಏರಿಯಾದಲ್ಲಿ, ಒಂದು ಹಾಸ್ಪಿಟಲ್ ಫಾರ್ಮಸಿ. ಒಬ್ಳೇ ಹೋಗೋಣ ಅಂತಿದ್ದೀನಿ."

"ನಿನ್ನಿಷ್ಟ," ಅಂದೆ ನಾನು. ಬಾಯಲ್ಲಿದ್ದ ಆಲಿವ್ ಬೀಜ ಸಮುದ್ರಕ್ಕೆ ಉಗಿದೆ. ಏಳು ವರ್ಷದ ಸಂಸಾರಕ್ಕೆ ನಾನು ಕೊಟ್ಟ ಉತ್ತರ ಅಷ್ಟೇ.

ಮಧ್ಯಾಹ್ನ ಒಂದು ಸಣ್ಣ ಕೊಲ್ಲಿಯಲ್ಲಿ ದೋಣಿ ನಿಲ್ಲಿಸಿದರು. ಈಜು ಬಲ್ಲವರೆಲ್ಲ ಆಚೆ ಬದಿಯಿಂದ ಧುಮುಕುತ್ತಿದ್ದರು. ಈಜು ಬಾರದ ನೀನು ಈಚೆ ಬದಿಯ ಏಣಿ ಇಳಿದು, ಕೊನೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದೆ. ನಾನು ಮೇಲೆ ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ದೊಡ್ಡ ದೋಣಿಯೊಂದು ಹಾದುಹೋಯಿತು, ಅದರ ಹಿಂದೆಯೇ ಅಲೆ ಬಂತು, ನೀನು ಜಾರಿದೆ. ಒಮ್ಮೆ ಮೇಲೆ ಬಂದು "ಶ್ರೀ" ಅಂದೆ.

ನನಗೆ ಈಜು ಬರುತ್ತದೆ. ವಾರಾಂತ್ಯವೆಲ್ಲ ಡ್ಯಾಂಡಿನಾಂಗಿನ ಪೂಲಿನಲ್ಲೇ ಬಿದ್ದಿರುತ್ತಿದ್ದವನು ನಾನು. ನಿನ್ನ ಕೈ ಕಾಣುತ್ತಿತ್ತು, ಕೈಯ ಹಸಿರು ಬಳೆ ಕಾಣುತ್ತಿತ್ತು — ನಾನು ಕಂಬಿ ಬಿಡಲಿಲ್ಲ. ಬಿಡದೆ ಇದ್ದದ್ದಷ್ಟೇ ಅಲ್ಲ, ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಭಯ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಭಯ ಇತ್ತು, ಸುಳ್ಳಲ್ಲ. ಆದರೆ ಬರೀ ಭಯವೇ ಆಗಿದ್ದರೆ... ಬೆಳಗಿನ ಆ ಮಾತು ಇನ್ನೂ ಕಿವಿಯಲ್ಲಿತ್ತು. ಹೋಗುವುದಾದರೆ ಹೋಗಲಿ — ಅಂತ ಒಂದು ಕ್ಷಣ ನನ್ನೊಳಗೆ ಯಾರೋ ಅಂದರು. ಯಾರೋ ಅಲ್ಲ, ನಾನೇ ಅಂದೆ.

ಹಾರಿದವಳು ಒಬ್ಬ ಟರ್ಕಿ ಹೆಂಗಸು. ನಮ್ಮಮ್ಮನ ವಯಸ್ಸು, ನಮ್ಮಮ್ಮನಷ್ಟೇ ದಪ್ಪ. ತಿನ್ನುತ್ತಿದ್ದ ಕಲ್ಲಂಗಡಿ ಹೋಳು ಬಿಸಾಕಿ, ನನ್ನನ್ನು ತಳ್ಳಿಕೊಂಡೇ ಧುಮುಕಿದಳು. ನಿನ್ನ ಜಡೆ ಹಿಡಿದು ಏಣಿಯ ತನಕ ತಂದಳು. ಆಗ ನಾನು ಏಣಿ ಇಳಿದೆ — ಸೊಂಟದವರೆಗೆ ಒದ್ದೆಯಾಗುವಷ್ಟು — ನಿನ್ನನ್ನು ಮೇಲಕ್ಕೆ ಎಳೆದುಕೊಂಡೆ. ನೀನು ನೀರು ಕಕ್ಕಿ ಕಣ್ಣು ಬಿಟ್ಟಾಗ ಕಂಡದ್ದು ನನ್ನ ಮುಖ, ನನ್ನ ಒದ್ದೆ ಬಟ್ಟೆ.

"ನೀನೇ ಹಾರಿದ್ಯಾ?" ಎಂದು ಕೇಳಿದೆ ನೀನು.

"ಹ್ಞೂಂ," ಅಂದೆ ನಾನು.

ಆ ಹೆಂಗಸಿಗೆ ನಮ್ಮ ಭಾಷೆಯೂ ಬರದು, ಇಂಗ್ಲಿಷೂ ಬರದು. ಕೂದಲು ಹಿಂಡಿಕೊಳ್ಳುತ್ತಾ ನಗುತ್ತಿದ್ದಳು. ಈಜಿ ಬಂದವರಲ್ಲಿ ಅವಳೂ ಒಬ್ಬಳು ಅಂದುಕೊಂಡು ನೀನು ನಮ್ಮ ಕ್ಯಾಮೆರಾ ಅವಳ ಕೈಗೇ ಕೊಟ್ಟೆ, ನನ್ನ ಭುಜಕ್ಕೆ ತಲೆಯಿಟ್ಟೆ. ನಮ್ಮ ಹಾಲ್‌ನಲ್ಲಿ ನೇತುಹಾಕಿರುವ ಫೋಟೋ ತೆಗೆದವಳು ಅವಳೇ, ವಸು.

ವಾಪಸ್ಸು ಬಂದು ನೀನು ಸಿಡ್ನಿಗೆ ಇಲ್ಲ ಅಂದೆ. ಈ ಮನೆ ಕೊಂಡೆವು, ಮಾರ್ಟ್‌ಗೇಜಿಗೆ ಇಬ್ಬರೂ ಸಹಿ ಹಾಕಿದೆವು. ಕನ್ನಡದವರ ಊಟಗಳಲ್ಲಿ ನಿನ್ನ ಬಾಯಲ್ಲಿ ಕತೆ ಬೆಳೆಯಿತು, ಹೆಂಗಸರು "ಎಲ್ರೀ ನಿಮ್ಮ ಭೀಮ?" ಎಂದು ರೇಗಿಸತೊಡಗಿದರು. ನಾನು ಸುಮ್ಮನಿದ್ದೆ ಅಂತ ಹೇಳಿದರೆ ಅದೂ ಸುಳ್ಳಾದೀತು. ಒಂದು ಯುಗಾದಿಯಂದು ಒಬ್ಬಟ್ಟು ತಿನ್ನುತ್ತಾ ನಾನೇ ಸೇರಿಸಿದೆ, "ನೀರು ಐಸ್ ಥರ ಇತ್ತು ಕಣ್ರೀ." ಬೆಚ್ಚಗಿತ್ತು ವಸು, ಸ್ನಾನದ ನೀರಿನ ಹಾಗಿತ್ತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತಾರೆ. ನಾನು ಇಳಿಯಲಿಲ್ಲ, ಆ ಚಳಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹೋದ ವಾರ ಲಿವರ್‌ಪೂಲಿನವರು ಮತ್ತೆ ಕರೆದಿದ್ದಾರೆ, ಈ ಸಲ ಇನ್ನೂ ದೊಡ್ಡ ಕೆಲಸ. ನೀನು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿಕೊಂಡೆ. "ಮನಸ್ಸಿದೆ ಕಣೇ. ಇಲ್ಲಿ ಉಸಿರು ಕಟ್ಟುತ್ತೆ. ಆದ್ರೆ ನನಗೋಸ್ಕರ ಸಮುದ್ರಕ್ಕೆ ಹಾರಿದೋನನ್ನ ಹೇಗೆ ಬಿಟ್ಟು ಹೋಗ್ಲಿ?"

ಅವತ್ತಿನಿಂದ ನಿದ್ದೆಯಿಲ್ಲ. ಆ ಹೆಂಗಸು ನಿನ್ನನ್ನು ನೀರಿನಿಂದ ಬಿಡಿಸಿದಳು, ನಾನು ಒಂದು "ಹ್ಞೂಂ" ಹೇಳಿ ಈ ಮನೆಯಲ್ಲಿ ಹಿಡಿದಿಟ್ಟೆ. ದಣಿದಿದ್ದೇನೆ ವಸು, ಆದರೆ ದಣಿದೆ ಅನ್ನುವ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ — ನೀನು ಹೋಗಬೇಕು ಅಂತ ಹೇಳುತ್ತಿದ್ದೇನೆ. ಕ್ಷಮಿಸು ಅನ್ನುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀಯ, ಕೊಟ್ಟು ಇಲ್ಲೇ ಉಳಿದುಬಿಡುತ್ತೀಯ.

ಒಲೆ ಆರಿಸಿದ ಸದ್ದಾಯಿತು. "ಇವತ್ತೊಂದಿನ ನೀವು ಅಂತೀನಿ," ಎಂದು ಒಳಗಿನಿಂದಲೇ ಕೂಗುತ್ತಿದ್ದೀಯ, "ಬನ್ನಿ ಸ್ವಾಮಿ, ತಟ್ಟೇಲಿ ಕಾಲಿಡಿ." ನೀನು ಚೆಂಬು ಕೆಳಗಿಡುವ ಮೊದಲೇ, ಈ ಕಾಗದದ ಮೊದಲ ಸಾಲಲ್ಲಿ ಬರೆದೆನಲ್ಲ, ಆ ಮಾತನ್ನೇ ಬಾಯಿಬಿಟ್ಟು ಹೇಳುತ್ತೇನೆ. ನಾನಿನ್ನೂ ಸಾಕ್ಸ್ ಬಿಚ್ಚಿಲ್ಲ.