ಜಲಾಂತರ್ಗಾಮಿಯವರ ಮನೆಯ ಕಸ

ಎಪ್ಪತ್ತರ ದಶಕದಲ್ಲಿ ನನ್ನ ಗಂಡ ವಿಶಾಖಪಟ್ಟಣದ ನೌಕಾನೆಲೆಯಲ್ಲಿದ್ದರು, ಜಲಾಂತರ್ಗಾಮಿಯಲ್ಲಿ ಕೆಲಸ. ನಮ್ಮ ಕ್ವಾರ್ಟರ್ಸಿಗೆ ಬೈಲಹೊಂಗಲದಿಂದ ಅತ್ತೆ ಬಂದಿದ್ದರು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಅವರು ಇರುವಾಗಲೇ ಗಂಡ ಕಡಲಿಗೆ ಹೊರಟರು. ಅತ್ತ ಅವರನ್ನು ಕಳಿಸಿ ನಾನು ಕಸಬರಿಗೆ ಹಿಡಿದೆ. ಅತ್ತೆ ಕಸಿದುಕೊಂಡರು.

“ಊರಿಗೆ ಹೋದಾವ ಮುಟ್ಟೂತನಕ ಕಸಾ ಹೊಡಿಬಾರದು. ನಿಮ್ಮ ಸವದತ್ತ್ಯಾಗ ಇಷ್ಟೂ ಕಲಿಸಿಲ್ಲೇನು?”

“ಕಲಿಸ್ಯಾರ್ರಿ ಅತ್ಯಾರ. ಆದ್ರ ಇವರು ಯಾವ ಊರು ಮುಟ್ಟಬೇಕ್ರಿ? ನೀರಾಗ ಮುಳಗತಾರ, ತಿರುಗಿ ಇಲ್ಲೇ ಬರತಾರ. ಯಾವಾಗ ಅಂತ ಯಾರೂ ಹೇಳಂಗಿಲ್ಲ.”

ಕಸಬರಿಗೆ ಟ್ರಂಕಿನ ಹಿಂದೆ ಸೇರಿತು. ದಿನಗಳು ಉರುಳಿದವು. ಕಡಲ ಗಾಳಿಗೆ ಹಾರಿ ಬಂದ ಮರಳು ಅಡುಗೆಮನೆಯವರೆಗೂ ಹಾಸಿಕೊಂಡಿತು. ಒಲೆಯ ಮುಂದೆ ನಿಂತರೂ ಕಾಲಡಿ ಕರಕರ. ಕೊನೆಗೊಂದು ಬೆಳಿಗ್ಗೆ ಅತ್ತೆ ಗಂಟು ಕಟ್ಟಿ ನಡುಮನೆಯಲ್ಲಿ ಇಟ್ಟರು.

“ನಡಿ, ಊರಿಗೆ ಹೋಗೂಣು. ಅಂವ ಬಂದಮ್ಯಾಲ ನೀನೂ ಬರೂವಂತಿ. ಒಬ್ಬಾಕಿ ಇಲ್ಲೇನ ಮಾಡ್ತಿ?”

ನಾನು ಟ್ರಂಕು ಸರಿಸಿ ಕಸಬರಿಗೆ ತೆಗೆದೆ.

“ನಾ ಬರಂಗಿಲ್ರಿ. ಅವರು ಊರಿಗೆ ಹೋಗಿಲ್ಲ, ಕೆಲಸಕ್ಕ ಹೋಗ್ಯಾರ. ಮಾವನವರು ಹೊಲಕ್ಕ ಹೋದಮ್ಯಾಲ ನೀವು ಕಸಾ ಹೊಡೀತಿದ್ದಿಲ್ಲೇನ್ರಿ? ಇವರು ಬಂದಾಗ ಬಾಗಿಲಾ ತೆರದಿರಬೇಕು, ಮನಿ ಮನಿಯಂಗ ಇರಬೇಕು.”

ನಾನು ಮಂಚದಡಿಯಿಂದ ಹೊಸ್ತಿಲವರೆಗೆ, ಒಂದು ಮೂಲೆಯನ್ನೂ ಬಿಡದೆ ಗುಡಿಸಿದೆ. ತಿರುಗಿ ನೋಡಿದರೆ ಅತ್ತೆ ತಮ್ಮ ಗಂಟನ್ನು ಎತ್ತಿ ಮಂಚದ ಮೇಲಿಡುತ್ತಿದ್ದರು.

“ಇದರ ಬುಡಕ ಉಳದೈತಿ ನೋಡು,” ಎಂದರು.